ಗುರುವಾರದ ಬೆಂಚು, ಅತ್ತೆಯ ಪಾವು

ಪಾವನ್ನು ಎಲ್ಲಿಟ್ಟಿದ್ದೆನೆಂದು ಇವತ್ತು ಬೆಳಿಗ್ಗೆ ಹುಡುಕಬೇಕಾಯಿತು. ಇಟ್ಟವಳು ನಾನೇ, ಅಡುಗೆಮನೆಯೂ ನನ್ನದೇ, ಇನ್ನೊಬ್ಬರು ಕೈಯಾಡಿಸುವ ಪ್ರಶ್ನೆಯಿಲ್ಲ. ಆದರೂ ಸಿಗಲಿಲ್ಲ. ಕೊನೆಗೆ ಸ್ಟೂಲು ಹತ್ತಿ ಮೇಲಿನ ಕಪಾಟಿನಲ್ಲಿ ತಡಕಾಡಿದಾಗ ಇಡ್ಲಿ ಪಾತ್ರೆಯ ಹಿಂದೆ, ಹಳೆಯ ಪೇಪರಿನಲ್ಲಿ ಸುತ್ತಿಕೊಂಡು ಕುಳಿತಿತ್ತು. ಇಳಿದ ಮೇಲೆ ನೆನಪಾಯಿತು, ಹತ್ತುವಾಗ ಮೊಣಗಂಟು ನೋಯಲೇ ಇಲ್ಲವಲ್ಲ ಎಂದು. ಅದನ್ನು ಹೇಳೋಣವೆಂದು ಹಿಂದಕ್ಕೆ ತಿರುಗಿದೆ. ಫ್ರಿಜ್ಜು ಗುಂಯ್ ಎನ್ನುತ್ತಿತ್ತು. ಫ್ರಿಜ್ಜಿಗೆ ಹೇಳಿ ಏನು ಮಾಡುವುದು?

ಪಾವು ಎಂದರೆ ಈಗಿನವರಿಗೆ ತಿಳಿಯದಿರಬಹುದು. ಅಕ್ಕಿ ಅಳೆಯುವ ಹಿತ್ತಾಳೆಯ ಲೋಟ ಎಂದುಕೊಳ್ಳಿ, ಸೇರಿನ ಕಾಲು ಭಾಗ. ನಮ್ಮದು ಅತ್ತೆಯ ಕಾಲದ್ದು. ಕಂಠದ ಹತ್ತಿರ ಒಂದು ಕಡೆ ಜಜ್ಜಿದೆ. ಹೇಗೆ ಜಜ್ಜಿತು ಎಂದು ಕೇಳಿದರೆ ಅತ್ತೆ ಒಂದೊಂದು ಸಲ ಒಂದೊಂದು ಕಥೆ ಹೇಳುತ್ತಿದ್ದರು. ಒಮ್ಮೆ ಬೆಕ್ಕಿಗೆ ಎಸೆದದ್ದು, ಒಮ್ಮೆ ಮಾವನವರಿಗೆ ಎಸೆದದ್ದು. ಎರಡನೆಯದನ್ನು ಹೇಳುವಾಗ ಸ್ವಲ್ಪ ಹೆಚ್ಚು ಖುಷಿ ಕಾಣುತ್ತಿತ್ತು.

ಅತ್ತೆ ನನಗೆ ಈ ಮನೆಯಲ್ಲಿ ಮೊದಲು ಕಲಿಸಿದ್ದು ಅಕ್ಕಿಯ ಲೆಕ್ಕ. ಒಂದು ಪಾವು, ಅದರ ಮೇಲೊಂದು ಹಿಡಿ. ಪಾವು ನಮಗೆ, ಹಿಡಿ ಬರುವವರಿಗೆ. ಯಾರು ಬರುತ್ತಾರೆ ಎಂದು ನಾನೊಮ್ಮೆ ಕೇಳಿದ್ದೆ. "ಅದು ನಮಗೆ ಗೊತ್ತಿರುವುದಿಲ್ಲ, ಅದಕ್ಕೇ ಹಿಡಿ ಹಾಕುವುದು" ಎಂದರು. ಇವರು, ಎಂದರೆ ನನ್ನ ಗಂಡ, ಮದುವೆಯಾದ ಮರುವರ್ಷವೇ ಕುವೈತಿಗೆ ಹೋದವರು. ಅಲ್ಲೊಂದು ಕಂಪೆನಿಯ ಸ್ಟೋರಿನಲ್ಲಿ ಕೆಲಸ. ವರ್ಷಕ್ಕೊಮ್ಮೆ ಬರುತ್ತಾರೆ, ಸೂಟ್‌ಕೇಸ್ ಬಿಚ್ಚಿ ಮುಗಿಯುವಷ್ಟರಲ್ಲಿ ಕಟ್ಟುವ ದಿನ ಬರುತ್ತದೆ. ಮಕ್ಕಳಾಗಲಿಲ್ಲ, ಆ ಮಾತು ಇಲ್ಲಿ ಬೇಡ. ಹಾಗಾಗಿ ಕೊಟ್ಟಾರದ ಈ ತಾರಸಿ ಮನೆಯಲ್ಲಿ ಆರು ಕುರ್ಚಿಯ ಊಟದ ಮೇಜಿಗೆ ನಾವಿಬ್ಬರೇ, ಅತ್ತೆ ಮತ್ತು ನಾನು. ಹೋದ ವರ್ಷದ ಹಿಂದಿನ ವರ್ಷ ಅತ್ತೆಯೂ ಹೋದರು. ಅಕ್ಕಿಯ ಲೆಕ್ಕ ಮಾತ್ರ ಹಾಗೆಯೇ ಉಳಿಯಿತು. ಅದು ತಲೆಯಲ್ಲಿದ್ದ ಲೆಕ್ಕವಲ್ಲ, ಕೈಯಲ್ಲಿದ್ದದ್ದು. ನಾನು ಬದಲಿಸಲೂ ಇಲ್ಲ, ಬದಲಿಸಬೇಕೆಂದು ತೋರಲೂ ಇಲ್ಲ.

ನನ್ನನ್ನು ಈಗ ನೋಡಿದವರು ನಂಬಲಿಕ್ಕಿಲ್ಲ, ಸಣ್ಣವಳಿದ್ದಾಗ ನಾನು ಬಹಳ ಸಪೂರ. ನನ್ನ ಅಪ್ಪ ಬಂದರಿನ ಒಂದು ಅಕ್ಕಿ ಗೋದಾಮಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದರು. ಶಾಲೆಗೆ ರಜೆ ಇದ್ದಾಗ ಕೆಲವೊಮ್ಮೆ ನನ್ನನ್ನೂ ಕರೆದುಕೊಂಡು ಹೋಗುತ್ತಿದ್ದರು. ಒಣಮೀನು, ಬೆಲ್ಲ, ಗೋಣಿ ಎಲ್ಲ ಸೇರಿದ ಒಂದು ವಾಸನೆ ಆ ಓಣಿಯದು. ಅಲ್ಲಿ ಮೂಟೆ ತೂಗುವ ದೊಡ್ಡ ತಕ್ಕಡಿಯ ಮೇಲೆ ಲೋಡಿನವರು ನನ್ನನ್ನು ಕೂರಿಸಿ, ಎದುರಿಗೆ ಕಬ್ಬಿಣದ ಕಲ್ಲು ಒಂದೊಂದೇ ಇಟ್ಟು ಕೊನೆಗೆ ತಲೆಯಾಡಿಸುತ್ತಿದ್ದರು. ಆಗಿನ್ನೂ ಸುಮಾರು ನಲವತ್ತು ಕಿಲೊ ಅಕ್ಕಿಯನ್ನು ಹುಲ್ಲಿನಲ್ಲಿ ಬಿಗಿದು ಕಟ್ಟಿದ ಮುಡಿಯ ಲೆಕ್ಕ ಮಾತಿನಲ್ಲಿ ಉಳಿದಿದ್ದ ಕಾಲ. "ಎಂತ ರೈಟರೇ, ಅರ್ಧ ಮುಡಿ ಸಹ ಬರುದಿಲ್ಲ ಇದು. ಮನೆಯಲ್ಲಿ ಗಂಜಿ ಕೊಡ್ತೀರಾ ಇಲ್ವಾ?" ಅಪ್ಪನಿಗೆ ನಾಚಿಕೆಯಾಗಿ, ಬರುವಾಗ ಹೋಟೆಲಿಗೆ ಕರೆದುಕೊಂಡು ಹೋಗಿ ಬನ್ಸ್ ತೆಗೆದುಕೊಡುತ್ತಿದ್ದರು. ನಾನು ತಿನ್ನುವುದನ್ನು ಎದುರಿಗೆ ಕೂತು ನೋಡುತ್ತಿದ್ದರು. ಹಾಗಾಗಿ ತೂಕ ನೋಡುವುದೆಂದರೆ ನನ್ನ ಮಟ್ಟಿಗೆ ಹತ್ತು ಜನ ಸುತ್ತ ನಿಂತು ನಗುವುದು, ಆಮೇಲೆ ಬನ್ಸ್ ತಿನ್ನುವುದು. ಈ ತಿಳಿವಳಿಕೆ ಮುಂದೆ ಉಪಕಾರಕ್ಕೆ ಬರಲಿಲ್ಲ.

ಅರ್ಧ ಮುಡಿ ಯಾವಾಗ ಎರಡು ಮುಡಿಯಾಯಿತೋ ಹೇಳಲಾರೆ. ಒಂದು ದಿನದಲ್ಲಿ ಆದದ್ದಲ್ಲ, ಆದರೆ ಗೊತ್ತಾದದ್ದು ಮಾತ್ರ ಒಂದೇ ದಿನ, ಸುರತ್ಕಲ್ಲಿಗೆ ಹೋಗುವ ಬಸ್ಸಿನಲ್ಲಿ. ಕಂಡಕ್ಟರ್ ಬಂದು, "ಅಕ್ಕ, ಆ ಸೀಟಲ್ಲಿ ಇಬ್ಬರಿಗೆ ಕೂರ್ಲಿಕ್ಕುಂಟು, ಸ್ವಲ್ಪ ಒಳಗೆ ಹೋಗಿ" ಎಂದ. ನಾನು ಆಗಲೇ ಕಿಟಕಿಗೆ ತಾಗಿಕೊಂಡು ಕುಳಿತಿದ್ದೆ. ಇನ್ನು ಒಳಗೆ ಹೋಗಬೇಕಾದರೆ ಬಸ್ಸಿನಿಂದ ಹೊರಗೆ ಹೋಗಬೇಕು.

ಇವರು ದಿನಾ ಸಂಜೆ ವೀಡಿಯೊ ಕಾಲ್ ಮಾಡುತ್ತಾರೆ. ಫೋನಿನಲ್ಲಿ ಮುಖ ಮಾತ್ರ ಕಾಣುವುದು ಒಳ್ಳೆಯದೇ ಆಯಿತು. "ಊಟ ಆಯ್ತಾ?" "ಆಯ್ತು. ನಿಮ್ಮದು?" "ಇನ್ನು ಆಗಬೇಕು." ಅವರ ಹಿಂದೆ ರೂಮಿನ ಉಳಿದವರು ತಟ್ಟೆ ಸದ್ದು ಮಾಡುವುದು, ಯಾರೋ ಯಾರನ್ನೋ ತಮಾಷೆ ಮಾಡುವುದು ಕೇಳಿಸುತ್ತದೆ. ಫೋನು ಇಟ್ಟ ಮೇಲೆ ನಾನು ಟಿವಿ ಹಾಕುತ್ತೇನೆ, ನೋಡಲಿಕ್ಕಲ್ಲ, ಯಾರಾದರೂ ಮಾತಾಡುತ್ತಿರಲಿ ಎಂದು.

ಮೊಣಗಂಟು ನೋವಿಗೆಂದು ನಾನು ನಮ್ಮ ವಾರ್ಡಿನ ಆರೋಗ್ಯ ಕೇಂದ್ರಕ್ಕೆ ಹೋದದ್ದು. ಬಿ.ಪಿ. ಮಾತ್ರೆಗೆ ಮೊದಲಿನಿಂದ ಅಲ್ಲಿಗೇ ಹೋಗುತ್ತಿದ್ದೆ. ಡಾಕ್ಟರು ಹೊಸಬರು, ಘಟ್ಟದ ಮೇಲಿನವರು, ಪ್ರಾಯ ಸಣ್ಣದು. ಕಾಲು ಮಡಚಿಸಿ ಬಿಡಿಸಿ ನೋಡಿದರು. ಆಮೇಲೆ ಪೆನ್ನು ಕೆಳಗಿಟ್ಟು, "ಅಮ್ಮ, ನಿಮ್ಮ ತೂಕದ ಬಗ್ಗೆ ಸ್ವಲ್ಪ ಮಾತಾಡಬಹುದಾ?" ಎಂದು ಕೇಳಿದರು.

ಕೇಳಿದರು, ನೋಡಿ. ನನಗೆ ಅದೇ ಆಶ್ಚರ್ಯ. ನನ್ನ ತೂಕದ ಬಗ್ಗೆ ಮಾತಾಡಲು ಅಷ್ಟರವರೆಗೆ ಯಾರೂ ಅಪ್ಪಣೆ ಕೇಳಿರಲಿಲ್ಲ. ಮದುವೆ ಮನೆಯಲ್ಲಿ ಅನ್ನ ಬಡಿಸುವವನಿಂದ ಹಿಡಿದು ಕುಪ್ಪಸ ಹೊಲಿಯುವವಳವರೆಗೆ ಎಲ್ಲರಿಗೂ ಅದು ಸಾರ್ವಜನಿಕ ವಿಷಯವಾಗಿತ್ತು. ಮಾತಾಡಬಹುದು ಎಂದೆ.

ದೊಡ್ಡ ಔಷಧ ಏನನ್ನೂ ಅವರು ಕೊಡಲಿಲ್ಲ. ಪ್ರತಿ ಗುರುವಾರ ಬೆಳಿಗ್ಗೆ ಬನ್ನಿ, ಖಾಲಿ ಹೊಟ್ಟೆಯಲ್ಲಿ, ಸಾಧ್ಯವಾದರೆ ಪ್ರತಿ ಸಲ ಒಂದೇ ತರದ ಬಟ್ಟೆಯಲ್ಲಿ. ತೂಕ ನೋಡೋಣ, ಸೊಂಟದ ಸುತ್ತಳತೆ ನೋಡೋಣ, ಮಾತಾಡೋಣ. ಒಮ್ಮೆಗೆ ಒಂದೇ ವಿಷಯ ಬದಲಿಸೋಣ. ನಿಮ್ಮ ಹಾಗೇ ಇನ್ನೂ ಕೆಲವರು ಬರುತ್ತಾರೆ. ನಾನು ಮನೆಗೆ ಬಂದು ಇದ್ದ ಸೀರೆಗಳಲ್ಲೆಲ್ಲ ಹಗುರವಾದ ಒಂದು ನೈಲಾನ್ ಸೀರೆಯನ್ನು ಗುರುವಾರಕ್ಕೆಂದು ಬೇರೆ ತೆಗೆದಿಟ್ಟೆ. ಹಬ್ಬಕ್ಕೆ ಸೀರೆ ತೆಗೆದಿಟ್ಟು ಎಷ್ಟೋ ಕಾಲವಾಗಿತ್ತು.

ಕೇಂದ್ರದ ವರಾಂಡದಲ್ಲಿ ಒಂದು ಉದ್ದದ ಬೆಂಚು. ಅದರ ಕೊನೆಯಲ್ಲಿ ಸಿಕ್ಕಿದವರು ಖತೀಜಮ್ಮ. ಗಂಡನ ಮನೆಯವರದ್ದು ಮೊದಲಿನಿಂದ ಬಂದರಿನಲ್ಲಿ ಬೆಲ್ಲದ ವ್ಯಾಪಾರ, ಮನೆ ಮಾತ್ರ ಈಗ ನಮ್ಮ ಕೊಟ್ಟಾರದಲ್ಲೇ. ನನ್ನದೇ ಪ್ರಾಯ, ನನಗಿಂತ ಒಂದು ಸುತ್ತು ತೋರ. ಮೊದಲ ದಿನ ತೂಕದ ಯಂತ್ರದ ಮೇಲೆ ನಿಂತು ಅವರು ಅಲ್ಲಿನ ನರ್ಸ್ ಸಿಸ್ಟರ್ ಲವೀನಾ ಹತ್ತಿರ ಚರ್ಚೆಗಿಳಿದಿದ್ದರು.

"ಬುರ್ಖದ್ದು ಕಳೀಲಿಕ್ಕುಂಟು ಸಿಸ್ಟರ್. ಇದು ಫಾರಿನ್ ಬಟ್ಟೆ, ಭಾರ ಉಂಟು."

"ಪ್ರತಿ ವಾರ ಅದೇ ಬುರ್ಖ ಹಾಕಿ ಬನ್ನಿ ಖತೀಜಮ್ಮ. ಅದು ಅಷ್ಟೇ ಇರ್ತದೆ. ನೀವು ಇಳಿದರೆ ಸಾಕು."

"ಬುರ್ಖ ಒಗೆದ್ರೆ ಹಗುರ ಆಗ್ತದಾ?"

"ಒಗೆದಾದರೂ ಬನ್ನಿ."

ಬೆಂಚಿಗೆ ಬಂದು ಕೂತು ನನ್ನನ್ನು ಮೇಲಿಂದ ಕೆಳಗೆ ನೋಡಿ, "ನೀವು ಸಹ ಗುರುವಾರದ ಪಾರ್ಟಿಯಾ?" ಎಂದರು. ನಾವು ಮಾತಾಡುತ್ತಿದ್ದದ್ದು ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುವಾಗ ಅದರ ಉಪ್ಪು ಖಾರ ಸ್ವಲ್ಪ ಕಡಿಮೆಯಾಗುತ್ತದೆ, ಡಾಕ್ಟರು ಹೇಳಿದ ಪಥ್ಯದ ಹಾಗೆ.

ಖಾಲಿ ಹೊಟ್ಟೆಯ ನಿಯಮದಿಂದ ಒಂದು ಲಾಭವಾಯಿತು. ತೂಕ ನೋಡಿ ಆದ ಮೇಲೆ ಎಲ್ಲರಿಗೂ ಹಸಿವೆ. ಎರಡನೆಯ ವಾರ ನಾನು ಬುತ್ತಿ ತೆಗೆದುಕೊಂಡು ಹೋದೆ. ಅವರೂ ತಂದಿದ್ದರು. ಬೆಂಚಿನ ಮೇಲೆ ನಡುವೆ ಒಂದು ಟವೆಲ್ ಹಾಸಿ, ಎರಡೂ ಡಬ್ಬ ಬಿಚ್ಚಿದೆವು. ಸಿಸ್ಟರ್ ಬಾಗಿಲಲ್ಲಿ ಇಣುಕಿ, "ಇಳಿಸಿದ್ದನ್ನು ಇಲ್ಲೇ ಹತ್ತಿಸ್ಲಿಕ್ಕೆ ಕೂತ್ರಾ?" ಎಂದರು. ಆದರೆ ಏಳಿ ಎನ್ನಲಿಲ್ಲ. ವಾರದಲ್ಲಿ ಇನ್ನೊಬ್ಬರ ಎದುರು ಕೂತು ನಾನು ತಿನ್ನುವ ಊಟ ಅದೊಂದೇ ಆಗಿತ್ತು. ಆಗ ಅದು ನನ್ನ ಲಕ್ಷ್ಯಕ್ಕೆ ಬರಲಿಲ್ಲ. ಬುಧವಾರ ಸಂಜೆಯೇ ಡಬ್ಬ ತೊಳೆದು ಒರೆಸಿ ಇಡುತ್ತಿದ್ದೆ, ಅಷ್ಟೇ.

ಮೊದಲ ವಿಷಯ, ಅನ್ನ ಕಡಿಮೆ ಮಾಡಿ ಎಂದಿದ್ದರು ಡಾಕ್ಟರು. ನಾನು ಕಡಿಮೆ ಏನು, ಮಧ್ಯಾಹ್ನದ್ದು ಪೂರ್ತಿ ಬಿಟ್ಟೆ. ಆದರೆ ವಾರ ಕಳೆದರೂ ಯಂತ್ರದ ಅಂಕಿ ಕದಲಲಿಲ್ಲ.

"ಅನ್ನ ಬಿಟ್ಟಿದ್ದೀರಾ?"

"ಬಿಟ್ಟಿದ್ದೇನೆ ಡಾಕ್ಟ್ರೇ. ರಾತ್ರಿ ಮಾತ್ರ ಉಣ್ಣುವುದು."

"ಮತ್ತೆ ಬೆಳಿಗ್ಗೆ, ಮಧ್ಯಾಹ್ನ ಏನು ತಗೊಳ್ತೀರಿ?"

"ಬೆಳಿಗ್ಗೆ ನೀರುದೋಸೆ. ಮಧ್ಯಾಹ್ನ ಪುಂಡಿ, ಅದು ಆವಿಯಲ್ಲಿ ಬೇಯಿಸುವುದು, ಎಣ್ಣೆ ಇಲ್ಲ. ಒಂದೊಂದು ದಿನ ಒತ್ತುಶ್ಯಾವಿಗೆ."

ಡಾಕ್ಟರು ಖುಷಿಯಿಂದ ತಲೆಯಾಡಿಸಿದರು. ಹಿಂದೆ ನಿಂತಿದ್ದ ಸಿಸ್ಟರ್ ಲವೀನಾ ಗೋಡೆಯ ಕಡೆ ತಿರುಗಿ ನಗುತ್ತಿದ್ದರು. "ಡಾಕ್ಟರ್, ಮೂರು ಕೂಡ ಅಕ್ಕಿಯೇ."

ನನಗೆ ನಿಜವಾಗಿ ಹೊಳೆದಿರಲಿಲ್ಲ. ನಮ್ಮಲ್ಲಿ ಅನ್ನವೆಂದರೆ ಅನ್ನ, ತಟ್ಟೆಯಲ್ಲಿ ಸಾರು ಹಾಕಿ ಕಲಸುವಂಥದ್ದು. ಅರೆದದ್ದು, ಹೊಯ್ದದ್ದು, ಉಂಡೆ ಕಟ್ಟಿದ್ದು, ಒತ್ತಿದ್ದು ಇವೆಲ್ಲ ತಿಂಡಿ. ತಿಂಡಿಯನ್ನು ಯಾರಾದರೂ ಅಕ್ಕಿ ಎನ್ನುತ್ತಾರೆಯೇ? ಬೆಂಚಿಗೆ ಬಂದು ಹೇಳಿದಾಗ ಖತೀಜಮ್ಮ ನಗಲಿಲ್ಲ. ಕೈಯಲ್ಲಿದ್ದ ಪತ್ತಿರಿ ರೊಟ್ಟಿಯನ್ನು ತಿರುಗಿಸಿ ನೋಡಿ, "ಅಂದ್ರೆ ಇದು ಸಹವಾ?" ಎಂದರು.

ಹಾಗೆ ಅಕ್ಕಿಯ ಮಾತು ಬಂದಾಗಲೇ ಡಾಕ್ಟರು ಇನ್ನೊಂದು ದಿನ ಕೇಳಿದರು, "ದಿನಕ್ಕೆ ಎಷ್ಟು ಅಕ್ಕಿ ಬೇಯಿಸ್ತೀರಮ್ಮ?"

"ಒಂದು ಪಾವು, ಮೇಲೊಂದು ಹಿಡಿ."

"ಎಷ್ಟು ಜನಕ್ಕೆ?"

"ಇಬ್ಬರಿಗೆ."

"ಮನೆಯಲ್ಲಿ ಯಾರ್ಯಾರಿದ್ದೀರಿ?"

ಅತ್ತೆಯನ್ನು ಸೇರಿಸಿ ಎಣಿಸಿದೆ. ಬಿಟ್ಟು ಎಣಿಸಿದೆ. ಸಿಸ್ಟರ್ ಲವೀನಾ ಅತ್ತೆಯ ಕೊನೆಯ ದಿನಗಳಲ್ಲಿ ಬೆನ್ನಿನ ಹುಣ್ಣಿಗೆ ಡ್ರೆಸ್ಸಿಂಗ್ ಮಾಡಲು ನಮ್ಮ ಮನೆಗೆ ಬಂದವರು. ಅವರು ಬಿ.ಪಿ. ನೋಡುವ ಪಟ್ಟಿಯನ್ನು ಸುತ್ತಿ, ಬಿಚ್ಚಿ, ಮತ್ತೆ ಸುತ್ತತೊಡಗಿದರು. "ನಾನೊಬ್ಬಳೇ" ಎಂದೆ ಕೊನೆಗೆ. ಹಾಗೆ ಗಟ್ಟಿಯಾಗಿ ಹೇಳಿದ್ದು ಅದೇ ಮೊದಲು.

ಡಾಕ್ಟರಿಗೆ ಅರ್ಥವಾಯಿತು. ಉಳಿದ ಅನ್ನ ಏನಾಗುತ್ತದೆ ಎಂದು ಮೆಲ್ಲಗೆ ಕೇಳಿದರು. ಏನಾಗುವುದು? ಅನ್ನ ಎಸೆಯುವ ಮನೆಯಲ್ಲ ನಮ್ಮದು. ಅತ್ತೆ ನೆಲಕ್ಕೆ ಬಿದ್ದ ಅಗುಳನ್ನು ಹೆಕ್ಕಿ ಕಾಗೆಗಾದರೂ ಇಡುತ್ತಿದ್ದವರು. ಮಧ್ಯಾಹ್ನ ಬಿಟ್ಟದ್ದನ್ನು ನಾನು ರಾತ್ರಿ ಉಣ್ಣುತ್ತಿದ್ದೆ, ರಾತ್ರಿ ಉಳಿದದ್ದಕ್ಕೆ ನೀರು ಹಾಕಿಟ್ಟು ಬೆಳಿಗ್ಗೆ ದೋಸೆಗೆ ಮೊದಲು ಗಂಜಿಯ ಹಾಗೆ ಕುಡಿಯುತ್ತಿದ್ದೆ. ದೋಸೆಗೆ ಮೊದಲಿನದ್ದು ಯಾವ ಲೆಕ್ಕಕ್ಕೂ ಬರುತ್ತಿರಲಿಲ್ಲ. ಅತ್ತೆಯ ಪಾಲನ್ನೂ ನಾನೇ ಉಣ್ಣುತ್ತಿದ್ದೆ. ಬರುವವರ ಹಿಡಿಯನ್ನೂ.

"ಆ ಪಾವನ್ನು ಸ್ವಲ್ಪ ದಿನ ಕಣ್ಣಿಗೆ ಬೀಳದ ಕಡೆ ಇಡಿ" ಎಂದರು ಡಾಕ್ಟರು. "ಚಿಕ್ಕ ಲೋಟ ಒಂದನ್ನು ಇಟ್ಟುಕೊಳ್ಳಿ."

ಇಟ್ಟೆ. ಆದರೆ ನಮ್ಮ ಅನ್ನದ ಪಾತ್ರೆಯಲ್ಲಿ ಆ ಚಿಕ್ಕ ಲೋಟದ ಅಕ್ಕಿ ತಳಕ್ಕೆ ಅಂಟಿಕೊಂಡು, ಕುದಿಯುವಾಗ ಸದ್ದು ಸಹ ಬರುತ್ತಿರಲಿಲ್ಲ. ಸಣ್ಣ ಪಾತ್ರೆ ತರಲು ಪೇಟೆಗೆ ಹೋದೆ. ಅಂಗಡಿಯವರು ಒಂದು ಪುಟ್ಟ ಪಾತ್ರೆ ಎತ್ತಿ ತೋರಿಸಿ, "ನೈವೇದ್ಯಕ್ಕಾ ಅಮ್ಮ?" ಎಂದರು. ಹೌದು ಎಂದೆ. ಆ ದೇವರು ನಾನೇ, ಸಾರು ಮೀನು ಎಲ್ಲ ಕೇಳುವ ಜಾತಿಯವಳು ಎಂದು ವಿವರಿಸಲಿಕ್ಕೆ ಹೋಗಲಿಲ್ಲ.

ಒಬ್ಬಳಿಗೆ ಬೇಯಿಸುವುದು ಹಸಿವಿಗಿಂತ ಕಷ್ಟ. ಬಂಗುಡೆ ಒಂದನ್ನೇ ಕೇಳಿದರೆ ಮೀನಿನವಳು ಮುಖ ನೋಡುತ್ತಾಳೆ. ತೆಂಗಿನಕಾಯಿ ಒಡೆದರೆ ಅರ್ಧ ಹೋಳು ಫ್ರಿಜ್ಜಿನಲ್ಲಿ ನನ್ನನ್ನೇ ಕಾಯುತ್ತಿರುತ್ತದೆ. ಆದರೂ ಅಭ್ಯಾಸವಾಯಿತು. ಸಂಜೆ ಹೈವೇ ಬದಿಯ ರಸ್ತೆಯಲ್ಲಿ ನಡೆಯುವುದೂ ಅಭ್ಯಾಸವಾಯಿತು. ಅಂಕಿ ಮೆಲ್ಲಮೆಲ್ಲನೆ ಇಳಿಯಿತು. ಇಳಿದ ವಾರ ಖತೀಜಮ್ಮ ಇಡೀ ವರಾಂಡಕ್ಕೆ ಕೇಳುವ ಹಾಗೆ, "ಸುಮತಿಯಕ್ಕ ಇಳಿದ್ರು" ಎಂದು ಸಾರುತ್ತಿದ್ದರು, ಬಸ್ಸಿನಿಂದ ಇಳಿದ ಹಾಗೆ. ಅವರದ್ದು ಮಾತ್ರ ಒಂದು ವಾರ ಇಳಿದರೆ ಇನ್ನೊಂದು ವಾರ ಹತ್ತುತ್ತಿತ್ತು.

"ನನ್ನ ಮನೆ ಕಥೆಯೇ ಬೇರೆ ಮಾರಾಯ್ತಿ" ಎನ್ನುತ್ತಿದ್ದರು. "ಎಲ್ಲರಿಗೂ ಬಡಿಸಿ ಆಗುವಾಗ ನನಗೆ ಹಸಿವೆ ಸತ್ತಿರ್ತದೆ. ಮಕ್ಕಳು ಬಿಟ್ಟದ್ದು, ಪಾತ್ರೆಯಲ್ಲಿ ಉಳಿದದ್ದು, ನಿಂತಲ್ಲೇ ತಿನ್ನುವುದು. ತಟ್ಟೆ ಹಾಕಿ ಕೂತು ಉಂಡದ್ದು ಯಾವಾಗ ಅಂತ ಡಾಕ್ಟ್ರು ಕೇಳಿದ್ರು. ನನಗೆ ನೆನಪೇ ಆಗ್ಲಿಲ್ಲ."

ಅವರ ಮನೆ ತುಂಬ ಜನ, ನನ್ನ ಮನೆ ತುಂಬ ಕುರ್ಚಿ. ಬೆಂಚಿನ ಮೇಲೆ ನಾವಿಬ್ಬರೂ ಕೂತು, ನಿಧಾನವಾಗಿ, ತಿನ್ನುತ್ತಿದ್ದೆವು.

ಹೋದ ತಿಂಗಳು ಒಂದು ಗುರುವಾರ ಡಾಕ್ಟರು ನನ್ನ ಚೀಟಿ ನೋಡಿ ಅರಳಿದ ಮುಖದಿಂದ, "ಅಮ್ಮ, ತುಂಬ ಚೆನ್ನಾಗಿ ಆಗಿದೆ. ಬಿ.ಪಿ. ಕೂಡ ಹಿಡಿತಕ್ಕೆ ಬಂದಿದೆ. ಇನ್ನು ವಾರ ವಾರ ಬರಬೇಕಾಗಿಲ್ಲ. ಮೂರು ತಿಂಗಳಿಗೊಮ್ಮೆ ಬನ್ನಿ, ಸಾಕು" ಎಂದರು. ಸಿಸ್ಟರ್ ಕೈಕುಲುಕಿದರು. ನಾನು ನಕ್ಕೆ. ನಗದೆ ಇರಲಿಕ್ಕಾಗುತ್ತದೆಯೇ, ಅಷ್ಟು ಪ್ರೀತಿಯಿಂದ ಹೇಳುವಾಗ?

ಬೆಂಚಿನಲ್ಲಿ ಖತೀಜಮ್ಮ ಡಬ್ಬ ಮುಚ್ಚುತ್ತಾ, "ಪಾಸಾದವರಿಗೆ ಶಾಲೆ ಇಲ್ಲ. ನಾನು ಫೈಲು, ನನಗೆ ಉಂಟು" ಎಂದರು. ಇಷ್ಟು ದಿನ ಪಕ್ಕದಲ್ಲಿ ಕೂತೂ ಒಬ್ಬರ ಫೋನ್ ನಂಬರು ಇನ್ನೊಬ್ಬರ ಹತ್ತಿರ ಇರಲಿಲ್ಲ. ಗುರುವಾರ ಇರುವಾಗ ನಂಬರು ಯಾಕೆ?

ಆ ದಿನ ಮನೆಗೆ ಬರುವ ದಾರಿಯಲ್ಲಿ ಹೋಟೆಲಿಗೆ ಹೊಕ್ಕು ಒಂದು ಪ್ಲೇಟ್ ಗೋಳಿಬಜೆ ಹೇಳಿದೆ. ಬೆಳಿಗ್ಗಿನ ಡಬ್ಬ ಆಗಿದ್ದರೂ ಹೇಳಿದೆ. ಲೆಕ್ಕಾಚಾರ ಸರಳವಾಗಿತ್ತು. ತೂಕ ಹತ್ತಿದರೆ ಗುರುವಾರ ವಾಪಸ್ ಬರುತ್ತದೆ. ಬಿಸಿ ಬಿಸಿ ಬಂತು, ಚಟ್ನಿಯೂ ಚೆನ್ನಾಗಿತ್ತು. ತಿಂದೆ. ಆದರೆ ಕಳೆದುಕೊಂಡಷ್ಟನ್ನು ಗೋಳಿಬಜೆಯಲ್ಲಿ ವಾಪಸ್ ಪಡೆಯಬೇಕಾದರೆ ಹೋಟೆಲಿನಲ್ಲೇ ಸಂಸಾರ ಹೂಡಬೇಕು. ಮೇಲಾಗಿ ಎದುರಿನ ಕುರ್ಚಿ ಖಾಲಿ ಇತ್ತು. ಅಪ್ಪ ಕೂರುತ್ತಿದ್ದ ಹಾಗೆ ಯಾರಾದರೂ ಕೂತು ನೋಡದಿದ್ದರೆ ಕರಿದದ್ದು ಸಹ ಒಂದು ಪ್ಲೇಟಿಗಿಂತ ಮುಂದೆ ಹೋಗುವುದಿಲ್ಲ.

ಮುಂದಿನ ಗುರುವಾರ ಎದ್ದವಳು ಏನೂ ತಿನ್ನದೆ ನೈಲಾನ್ ಸೀರೆ ಉಟ್ಟಿದ್ದೆ. ಉಟ್ಟ ಮೇಲೆ ನೆನಪಾಯಿತು. ಬಿಚ್ಚಲು ಮನಸ್ಸಾಗಲಿಲ್ಲ. ಮಂಚದ ಮೇಲೆ ಸ್ವಲ್ಪ ಹೊತ್ತು ಕೂತೆ. ಸಂಜೆ ಇವರ ಕಾಲ್ ಬಂದಾಗ ಹೇಳಿದೆ, ತೂಕ ಇಳಿದಿದೆ, ಇನ್ನು ವಾರ ವಾರ ಹೋಗಬೇಕಾಗಿಲ್ಲ ಎಂದು. "ಒಳ್ಳೇದೇ ಆಯ್ತಲ್ಲ, ನಿನಗೆ ನಡೆಯುವುದು ತಪ್ಪಿತು" ಎಂದರು. ಹೌದು ಎಂದೆ.

ಅದರ ಮುಂದಿನ ವಾರ ಬಿ.ಪಿ. ಮಾತ್ರೆ ಮುಗಿಯುತ್ತಾ ಬಂದಿತ್ತು. ಮಾತ್ರೆಯನ್ನು ಯಾವ ದಿನವೂ ಕೊಡುತ್ತಾರೆ. ನಾನು ಗುರುವಾರ ಹೋದೆ. ಬೆಂಚಿನ ಕೊನೆಯಲ್ಲಿ ಖತೀಜಮ್ಮ ಕೂತಿದ್ದರು. ಪಕ್ಕದ ಜಾಗದ ಮೇಲೆ ಅವರ ಚೀಲ. ಯಾರೋ ಒಬ್ಬರು ಚೀಲ ತೆಗೆಯಲು ಹೇಳುತ್ತಿದ್ದರು, ಇವರು ಕೇಳಿಸದವರ ಹಾಗೆ ಫ್ಯಾನು ನೋಡುತ್ತಿದ್ದರು. ನನ್ನನ್ನು ಕಂಡದ್ದೇ ಚೀಲ ಎತ್ತಿ ಮಡಿಲಿಗೆ ಹಾಕಿಕೊಂಡರು.

"ಎಂತ, ಪಾಸಾದವರು ಇಲ್ಲಿ?"

"ಮಾತ್ರೆಗೆ ಬಂದದ್ದು."

"ಮಾತ್ರೆಗೆ ಬರುವವರು ಡಬ್ಬ ತರ್ತಾರಾ?"

ಕೈಯಲ್ಲಿ ಡಬ್ಬ ಇತ್ತು.

ಅವರು ಚೀಲದಿಂದ ತಮ್ಮ ಡಬ್ಬ ತೆಗೆದು, "ನಿಮ್ಮ ಮನೆ ಎಲ್ಲಿ ಉಂಟು ಮಾರಾಯ್ತಿ? ಇಷ್ಟು ದಿನ ನಾನು ಕೇಳ್ಲೇ ಇಲ್ಲ" ಎಂದರು. ಹೇಳಿದೆ. "ಇಲ್ಲಿಂದ ನಡೀಲಿಕ್ಕೆ ಆಗ್ತದಲ್ಲ. ಡಾಕ್ಟ್ರು ನಡೀಲಿಕ್ಕೆ ಹೇಳಿದ್ದಾರೆ. ಬರುವ ಗುರುವಾರ ಇಲ್ಲಿಯದ್ದು ಆದ ಮೇಲೆ ಮಧ್ಯಾಹ್ನ ನಿಮ್ಮಲ್ಲಿಗೇ ಬರ್ತೇನೆ. ಎಂತ ಸಹ ಮಾಡ್ಬೇಡಿ. ಒಂದು ತಟ್ಟೆ ಹಾಕಿ, ನಾನು ಕೂತು ಉಣ್ತೇನೆ, ಅಷ್ಟೇ."

ಆ ಬರುವ ಗುರುವಾರ ಇವತ್ತು.

ಬಂಗುಡೆ ತಂದಾಗಿದೆ. ಇವತ್ತು ಎರಡಕ್ಕಿಂತ ಹೆಚ್ಚು ಕೇಳಿದ್ದಕ್ಕೆ ಮೀನಿನವಳು, "ಎಂತ ಅಮ್ಮ, ಧಣಿ ಬಂದ್ರಾ ಗಲ್ಫಿಂದ?" ಎಂದಳು. ಮಸಾಲೆ ಅರೆದೆ, ತೆಂಗಿನಕಾಯಿ ಪೂರ್ತಿ ಹೋಯಿತು. ಊಟದ ಮೇಜಿನ ಮೇಲಿದ್ದ ಹಳೆಯ ಪೇಪರು, ಇಸ್ತ್ರಿ ಬಟ್ಟೆ, ಕರೆಂಟ್ ಬಿಲ್ಲು ಎಲ್ಲ ಒಳಗೆ ಹೋದವು. ಕುಚ್ಚಲಕ್ಕಿ ಬೇಯಲು ಹೊತ್ತು ಬೇಕು, ಬೇಗ ಇಡಬೇಕು. ಹಾಗೆ ಪಾವು ಹುಡುಕಿದ್ದು.

ಪೇಪರು ಬಿಚ್ಚಿ, ಹುಣಿಸೆಹುಳಿ ಹಾಕಿ ತಿಕ್ಕಿ, ಒರೆಸಿ, ಅಕ್ಕಿ ಡಬ್ಬದ ಮುಚ್ಚಳ ತೆಗೆದೆ. ಪಾವನ್ನು ಒಳಗೆ ಇಳಿಸಿದೆ. ಅಲ್ಲಿಗೆ ಕೈ ನಿಂತಿತು. ಇಬ್ಬರಿಗೆ ಎಷ್ಟು? ವರ್ಷಗಟ್ಟಲೆ ನೋಡದೆ ಅಳೆದ ಕೈಗೆ ಮರೆತುಹೋಗಿತ್ತು. ಚಿಕ್ಕ ಲೋಟಕ್ಕೆ ಅಷ್ಟು ಒಗ್ಗಿಹೋಗಿತ್ತು ಅದು. ಹೆಚ್ಚಾದರೆ ಮತ್ತೆ ನಾನೇ ಉಣ್ಣಬೇಕು. ಕಡಿಮೆಯಾದರೆ, ಜನ್ಮದಲ್ಲಿ ಒಮ್ಮೆ ಕೂತು ಉಣ್ಣಲು ಬರುವವರ ತಟ್ಟೆಗೆ ಎರಡನೆಯ ಸಲ ಬಡಿಸಲು ಇಲ್ಲದಂತಾಗುತ್ತದೆ. ಅಕ್ಕಿಯಲ್ಲಿ ಕೈಯಿಟ್ಟುಕೊಂಡೇ ಇನ್ನೊಂದು ಕೈಯಲ್ಲಿ ಫೋನು ಮಾಡಿದೆ. ನಂಬರು ಈಗ ಇದೆ.

ಹಿಂದೆ ಮಕ್ಕಳ ಗಲಾಟೆ, ಪಾತ್ರೆ ಬೀಳುವ ಸದ್ದು. "ಹೇಳಿ ಸುಮತಿಯಕ್ಕ. ಇದೋ ತೂಕಕ್ಕೆ ಹೊರಟೆ."

"ಖತೀಜಮ್ಮ, ನೀವು ಎಷ್ಟು ಅನ್ನ ಉಣ್ತೀರಿ?"

ಆ ಕಡೆ ಮಕ್ಕಳ ಗಲಾಟೆ ಸ್ವಲ್ಪ ದೂರವಾಯಿತು.

"ಡಾಕ್ಟ್ರಿಗೆ ಹೇಳುವಷ್ಟಾ, ನಿಜವಾಗಿ ಉಣ್ಣುವಷ್ಟಾ?"

"ನಿಜವಾಗಿ ಉಣ್ಣುವಷ್ಟು."

"ಹಾಗಾದ್ರೆ ಹೆದರ್ಬೇಡಿ, ತುಂಬಿಸಿ ಹಾಕಿ."

ಪಾವು ತುಂಬಿಸಿದೆ. ಅಂಗೈಯಿಂದ ಮೇಲ್ಭಾಗ ಸವರಿ ಮಟ್ಟ ಮಾಡಿದೆ. ಪಾತ್ರೆಗೆ ಸುರಿದಾಗ ಬಹಳ ದಿನಗಳ ಮೇಲೆ ಅಕ್ಕಿಯ ಸದ್ದು ಅಡುಗೆಮನೆಯಲ್ಲಿ ಕೇಳಿಸಿತು. ಕೈ ತನ್ನಷ್ಟಕ್ಕೇ ಮತ್ತೆ ಡಬ್ಬಕ್ಕೆ ಹೋಯಿತು, ಒಂದು ಹಿಡಿಗೆ. ಬರುವವರು ಇವತ್ತು ಯಾರೆಂದು ಗೊತ್ತಿದೆಯಲ್ಲ, ಇನ್ನು ಹಿಡಿ ಯಾಕೆ ಎಂದು ಯೋಚಿಸಿದೆ.

ಆದರೂ ಹಾಕಿದೆ.